ನಾಲ್ಕು ಬೈ ಮೂರು

ಕಟಪಾಡಿ ಪೇಟೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ.
ಕೋಲಕ್ಕೆ, ಕ್ರಿಕೆಟಿಗೆ, ಗೃಹಪ್ರವೇಶಕ್ಕೆ,
ಗೆದ್ದವರಿಗೆ, ಗೆಲ್ಲುವ ಮೊದಲೇ ಅಭಿನಂದನೆ ಬೇಕಾದವರಿಗೆ
ಚದರಡಿಗೆ ಹದಿನಾಲ್ಕು ರೂಪಾಯಿ, ಐಲೆಟ್ ಬೇರೆ.
ಶ್ರದ್ಧಾಂಜಲಿಗೆ ಮಾತ್ರ ಯಾರೂ ಚೌಕಾಸಿ ಮಾಡುವುದಿಲ್ಲ.

ನಮ್ಮ ಬ್ಯಾಚಿನದು ಇದು ನಾಲ್ಕನೆಯದು.
ಹತ್ತನೇ ಕ್ಲಾಸಿನಲ್ಲಿ ನಾವು ನಲವತ್ತೊಂದು ಜನ,
ಈಗ ಎಲ್ಲರಿಗೂ ಮೂವತ್ತೆರಡು, ಮೂವತ್ತಮೂರು.
ಎಲ್ಲರಿಗೂ ಎಂದೆನಲ್ಲ, ನೋಡಿ,
ನಾಲಿಗೆಗೆ ಇನ್ನೂ ಅಭ್ಯಾಸವಾಗಿಲ್ಲ.

ಮೊದಲು ಭವಿತ್. ಪಡುಬಿದ್ರಿ ಹೆದ್ದಾರಿ, ಹೊಸ ಬೈಕು.
ಅದರ ನಂಬರಿನ ಸ್ಟಿಕ್ಕರು ಕತ್ತರಿಸಿಟ್ಟದ್ದು
ನನ್ನ ಮೇಜಿನ ಮೇಲೆಯೇ ಇತ್ತು, ನಾಳೆ ಬರ್ತೇನೆ ಅಂದಿದ್ದ.
ಆಮೇಲೆ ರೆನಿಟಾ. ರಕ್ತದ ಕಾಯಿಲೆ, ಮಣಿಪಾಲದಲ್ಲಿ ಏಳು ತಿಂಗಳು.
ಎರಡು ಸಲ ನಾನು ಆಸ್ಪತ್ರೆಯ ಪಾರ್ಕಿಂಗ್ ತನಕ ಹೋದೆ.
ಪಾರ್ಕಿಂಗ್ ತನಕ.
ಮೂರನೆಯವನದು ಹೃದಯಾಘಾತ ಎಂದರು ಮನೆಯವರು.
ನಾವೂ ಹಾಗೆಯೇ ಅಂದೆವು,
ಒಬ್ಬರ ಮುಖ ಒಬ್ಬರು ನೋಡದೆ.

ಈಗ ಧೀರೇಶ ಕುಂದರ್.
ಮಲ್ಪೆಯಿಂದ ಹೋದ ಬೋಟು ಬಂತು, ಮೀನೂ ಬಂತು,
ಅವನು ಬಂದದ್ದು ಮೂರು ದಿನ ಕಳೆದು, ಮಟ್ಟು ಕಡಲ ಕರೆಗೆ,
ತನ್ನದೇ ಊರಿಗೆ.

ಗಿರಿಜಕ್ಕ ಸೆರಗಿನಡಿಯಿಂದ ಫೋಟೋ ತೆಗೆದರು.
‘ಆಧಾರಿನಲ್ಲಿ ಕಳ್ಳನ ಹಾಗೆ ಕಾಣ್ತಾನೆ,
ನಗುವುದು ಇದೊಂದೇ ಇರುವುದು ಮಗಾ.’
ಸ್ಕೂಲ್ ಡೇ ದಿನದ್ದು. ಮೀಸೆ ಮೂಡದ ಮುಖ.
ಜನನ, ಮರಣ ಎರಡೂ ತಾರೀಕು ಹಾಕಿದರೆ
ಲೆಕ್ಕ ತಾಳೆಯಾಗುವುದಿಲ್ಲ.
ಆಗಲಿ ಎಂದೆ. ಸೈಜು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.
ನಾಲ್ಕು ಬೈ ಮೂರು ಸಾಕು ಅಂತ ನಾನೇ ಹೇಳಿದೆ.

ರಾತ್ರಿ ಕೂತು ಕತ್ತರಿಸುತ್ತಾ ಹೋದೆ:
ಶಾಲೆಯ ಗೋಡೆ ಹೋಯಿತು, ಬಾವುಟದ ದಾರ ಹೋಯಿತು,
ವಾಲ್ಟರ್ ಮಾಸ್ಟ್ರ ಅರ್ಧ ಪ್ಯಾಂಟು ಹೋಯಿತು,
ಪಕ್ಕದಲ್ಲಿ ನಿಂತಿದ್ದ ಹುಡುಗನೂ ಹೋದ.
ಭುಜದ ಮೇಲೆ ಒಂದು ಕೈ ಉಳಿಯಿತು.

ನಾಲ್ಕು ಬೆರಳು, ಕಿರುಬೆರಳಿಗೆ ಬಟ್ಟೆಯ ಪಟ್ಟಿ.
ಲ್ಯಾಬಿನಲ್ಲಿ ಗಾಜಿನ ಜಾಡಿ ಒಡೆದದ್ದು ನಾನು,
ಪೆಟ್ಟು ತಿಂದದ್ದು ಅವನು.

ಅಳಿಸುವುದು ಕಷ್ಟವಲ್ಲ.
ಪಕ್ಕದ ಅಂಗಿಯ ಬಿಳಿಯನ್ನು ತಂದು ಕೈಯ ಮೇಲೆ ಕೂರಿಸಬೇಕು,
ಅಂಚು ಚೂರು ಮಸುಕು ಮಾಡಬೇಕು, ಅಷ್ಟೇ.
ಭವಿತನಿಗೆ ಮಾಡಿದ್ದೆ. ರೆನಿಟಾಳ ಬದಿಯಿಂದ
ಇಡೀ ಒಬ್ಬಳು ಹುಡುಗಿಯನ್ನೇ ತೆಗೆದಿದ್ದೆ;
ಅವಳೀಗ ಮಸ್ಕತ್‌ನಲ್ಲಿದ್ದಾಳೆ, ಚೆನ್ನಾಗಿದ್ದಾಳೆ.

ಕರೆಂಟು ಹೋಯಿತು, ಬಂತು.
ಮೌಸ್ ಹಿಡಿದದ್ದೂ ಅದೇ ಕೈ.

ನನ್ನದಾದರೆ ಯಾರು ಮಾಡುವುದು
ಎಂಬ ಯೋಚನೆಯೂ ಬಂತು, ಸುಳ್ಳು ಯಾಕೆ.
ಉದ್ಯಾವರದವ ಮುಖಕ್ಕೆ ಕೆಂಪು ಜಾಸ್ತಿ ಹಾಕುತ್ತಾನೆ.
ಅದಕ್ಕಾದರೂ ಬೇಗ ಹೋಗಬಾರದು, ಮಾರಾಯ್ರೆ.

ಕೈ ಹಾಗೆಯೇ ಬಿಟ್ಟೆ.
ಉತ್ತರಕ್ರಿಯೆಯ ತನಕ ಬಸ್‌ಸ್ಟಾಪಿನ ಕಂಬದಲ್ಲಿತ್ತು,
ಬಸ್ಸು ಕಾಯುವವರು ನೋಡಿದರು,
ಯಾರದು ಎಂದು ಯಾರೂ ಕೇಳಲಿಲ್ಲ.

ಜುಲೈಯಲ್ಲಿ, ಬಾಕಿ ಕೇಳಲಿಕ್ಕಲ್ಲ, ಬಾಕಿಯೇ ಇರಲಿಲ್ಲ,
ಸುಮ್ಮನೆ ಮಟ್ಟುವಿಗೆ ಹೋದೆ.
ಈ ಸಲ ಬಾಗಿಲ ತನಕ.
ಹಿತ್ತಿಲಲ್ಲಿ ಕೊತ್ತಳಿಗೆ, ಗೆರಟೆ, ಒಡೆದ ಸೌದೆ,
ಮೇಲೆ ನನ್ನ ಬ್ಯಾನರು, ನಾಲ್ಕು ಮೂಲೆಗೆ ನಾಲ್ಕು ಕಲ್ಲು.
‘ಬೇಸರ ಮಾಡಬೇಡ, ಒಳ್ಳೆ ದಪ್ಪ ಉಂಟು,
ಒಂದು ಹನಿ ಇಳಿಯುವುದಿಲ್ಲ.
ಮುಖ ಒಳಗೆ ಮಾಡಿದ್ದೇನೆ, ಅವ ನೆನೆಯಬಾರದಲ್ಲ.’

ಕೊತ್ತಳಿಗೆ ಎಳೆಯಲು ಒಂದು ಮೂಲೆ ಎತ್ತಿದರು.
ಒಳಗೆ, ಒಣಗಿದ ಆ ಕತ್ತಲಲ್ಲಿ,
ತಲೆಕೆಳಗಾಗಿ ನಗುತ್ತಿದ್ದ,
ಭುಜದ ಮೇಲೆ ಕೈ.

ಚಾ ಕುಡಿದು ಹೋಗು ಎಂದರು.
ಕೊತ್ತಳಿಗೆ ಚೆನ್ನಾಗಿ ಒಣಗಿತ್ತು,
ಬೇಗ ಹತ್ತಿತು.